ಸಂಕ್ರಾಂತಿಗೇ ನಿಂತುಹೋಗುವ ಪ್ರಾರ್ಥನೆ: ವಿಶ್ವಾಸದಲ್ಲಿ ಮನಸ್ಸನ್ನು ಪಳಗಿಸುವ ಸಮಗ್ರ ಮಾರ್ಗದರ್ಶಿ

ಜನವರಿ 1ಕ್ಕೆ ಶುರು, ಸಂಕ್ರಾಂತಿ ಹೊತ್ತಿಗೆ ಬಂದ್. ನಮ್ಮ ಬೈಬಲ್ ಗುಂಪಿನಲ್ಲಿ ಪ್ರತಿ ವರ್ಷ ನಡೆಯುವ ಕತೆ ಇದು. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ವಾಗ್ದಾನದ ವಾಕ್ಯದ ಚೀಟಿ, ಅಂದರೆ ಆ ವರ್ಷಕ್ಕೆಂದು ಬೈಬಲಿನ ಭರವಸೆಯ ಒಂದು ಮಾತು ಬರೆದ ಚೀಟಿ, ಸಿಗುತ್ತದೆ. ಕಣ್ಣು ತುಂಬಿ ಬರುತ್ತದೆ. ‘ಈ ವರ್ಷ ದಿನಾ ಐದಕ್ಕೆ ಎದ್ದು ಒಂದು ಗಂಟೆ ಪ್ರಾರ್ಥನೆ’ ಅಂತ ತೀರ್ಮಾನವೂ ಆಗುತ್ತದೆ. ಮೂರನೇ ವಾರಕ್ಕೆ ನೋಡಿದರೆ ಬೈಬಲ್ ಮೇಲೆ ಆ ಚೀಟಿ, ಚೀಟಿ ಮೇಲೆ ಕರೆಂಟ್ ಬಿಲ್ಲು.

ಆಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ನನ್ನ ವಿಶ್ವಾಸವೇ ಕಡಿಮೆಯಾ?’ ಅಲ್ಲ. ಬಹುಪಾಲು ಜನ ಸೋಲುವುದು ವಿಶ್ವಾಸ ಇಲ್ಲದೆ ಅಲ್ಲ, ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಲು ಹೋಗಿ. ನಾನೂ ಹಾಗೇ ಸೋತವನು. ಒಂದು ಗಂಟೆಯ ಪ್ರಾರ್ಥನೆ ಅಂತ ಕೂತು, ಹನ್ನೊಂದನೇ ದಿನ ಬೈಬಲಿನ ಯಾಜಕಕಾಂಡದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದೆ. ಹನ್ನೆರಡನೇ ದಿನ ಅಲಾರಂ ಇಡಲೇ ಇಲ್ಲ.

## ಮೊದಲು ಗುರಿ ಸರಿ ಮಾಡಿಕೊಳ್ಳಿ

ಇಬ್ರಿಯರಿಗೆ ಬರೆದ ಪತ್ರದ 12:1ರಲ್ಲಿ, ನಮಗೆ ನೇಮಕವಾದ ಓಟವನ್ನು ‘ಸ್ಥಿರಚಿತ್ತದಿಂದ’ ಓಡೋಣ ಎಂದಿದೆ. ಅಲ್ಲಿರುವ ಗ್ರೀಕ್ ಪದ ಹುಪೊಮೊನೆ. ಭಾರದ ಕೆಳಗೆ ಜಾಗ ಬಿಡದೆ ನಿಲ್ಲುವುದು ಅಂತ ಅದರ ಅರ್ಥ. ಅದರಲ್ಲಿ ಉತ್ಸಾಹದ ಮಾತೂ ಇಲ್ಲ, ಕಣ್ಣೀರಿನ ಮಾತೂ ಇಲ್ಲ.

ಹಾಗಾಗಿ ಇಲ್ಲಿ ನಾವು ಕಲಿಯುವುದು ಭಾವನೆ ತರಿಸಿಕೊಳ್ಳುವ ವಿದ್ಯೆ ಅಲ್ಲ. ಆಚೀಚೆ ಹೋದ ಮನಸ್ಸನ್ನು ವಾಪಸ್ ಕರೆದು ತರುವ ಅಭ್ಯಾಸ. ಸ್ಥಿರಚಿತ್ತ ಅಂದರೆ ಅಲ್ಲಾಡದ ಮನಸ್ಸು ಅಂತ ಅನೇಕರು ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಅದು ಸಾವಿರ ಸಲ ಅಲ್ಲಾಡಿ, ಸಾವಿರದ ಒಂದನೇ ಸಲವೂ ವಾಪಸ್ ಬರುವ ಮನಸ್ಸು.

ಇನ್ನೊಂದು ವಿಷಯ. ಈ ಶಿಸ್ತಿನಿಂದ ದೇವರ ಪ್ರೀತಿ ಜಾಸ್ತಿ ಆಗುವುದಿಲ್ಲ, ತಪ್ಪಿದರೆ ಕಡಿಮೆಯೂ ಆಗುವುದಿಲ್ಲ. ಕೃಪೆಗೆ ನಾವು ಕಟ್ಟುವ ಕಂತು ಇದಲ್ಲ. ಈ ಒಂದು ಮಾತು ತಲೆಗೆ ಹೋಗದಿದ್ದರೆ ಕೆಳಗಿನ ಹಂತಗಳೆಲ್ಲ ಹೊರೆ ಆಗುತ್ತವೆ.

## ಬೇಕಾಗುವ ಸಾಮಾನು

ಅಚ್ಚಾದ ಬೈಬಲ್ ಒಂದು. ನೂರು ಪುಟದ ನೋಟ್‌ಬುಕ್ ಒಂದು. ಪೆನ್ಸಿಲ್. ಗೋಡೆ ಗಡಿಯಾರ ಇಲ್ಲವೇ ಟೈಂಪೀಸ್. ಒಂದು ಕುರ್ಚಿ ಅಥವಾ ಚಾಪೆ. ಇಷ್ಟೇ.

ಮೊಬೈಲ್ ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಬೈಬಲ್ ಆ್ಯಪ್ ಒಳ್ಳೆಯದೇ, ಬಸ್ಸಲ್ಲಿ ನಾನೂ ಓದುತ್ತೇನೆ. ಆದರೆ ವಾಕ್ಯ ತೆಗೆಯಲು ಹೋದ ಬೆರಳು ವಾಟ್ಸಾಪ್ ತೆಗೆದಿರುತ್ತದೆ. ಮೊದಲ 40 ದಿನ ಮೊಬೈಲನ್ನು ಬೇರೆ ಕೋಣೆಯಲ್ಲಿ ಚಾರ್ಜಿಗೆ ಹಾಕಿ.

## ಹಂತ 1: ಗಂಟೆ ಹುಡುಕಬೇಡಿ, ಆಸರೆ ಹುಡುಕಿ

‘ಬೆಳಿಗ್ಗೆ 5ಕ್ಕೆ’ ಎನ್ನುವ ತೀರ್ಮಾನ ಮೊದಲ ಮದುವೆ ಮನೆಯ ಊಟಕ್ಕೇ ಮುರಿಯುತ್ತದೆ. ರಾತ್ರಿ ಹನ್ನೊಂದೂವರೆಗೆ ಮಲಗಿದವರು ಐದಕ್ಕೆ ಏಳುವುದು ಹೇಗೆ? ಅದರ ಬದಲು, ಪ್ರಾರ್ಥನೆಯನ್ನು ದಿನಾ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಕಟ್ಟಿ.

ನನ್ನದು ಕಾಫಿ ಫಿಲ್ಟರ್. ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳ ಮುಚ್ಚಿದರೆ ಡಿಕಾಕ್ಷನ್ ಇಳಿಯಲು ಹತ್ತು ಹನ್ನೆರಡು ನಿಮಿಷ ಬೇಕು. ಮೊದಲು ಆ ಹೊತ್ತಿನಲ್ಲಿ ಮೊಬೈಲ್ ನೋಡುತ್ತಿದ್ದೆ. ಈಗ ಅಡುಗೆಮನೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ಏಳು ಗಂಟೆಗೆ ಎದ್ದರೂ ಕಾಫಿ ತಪ್ಪುವುದಿಲ್ಲ, ಹಾಗಾಗಿ ಪ್ರಾರ್ಥನೆಯೂ ತಪ್ಪುವುದಿಲ್ಲ.

ನಿಮ್ಮ ಆಸರೆ ಬೇರೆ ಇರಬಹುದು. ಮಕ್ಕಳ ಸ್ಕೂಲ್ ವ್ಯಾನ್ ಹೋದ ತಕ್ಷಣ. ನೈಟ್ ಶಿಫ್ಟ್‌ನವರಿಗೆ ಮನೆಗೆ ಬಂದು ಶೂ ಬಿಚ್ಚಿದ ಮೇಲೆ. ಹಾಸ್ಟೆಲ್‌ನಲ್ಲಿ ಇರುವವರಿಗೆ ಸ್ನಾನ ಮುಗಿಸಿ ಬಂದ ಕೂಡಲೇ. ಒಂದೇ ನಿಯಮ: ನೀವು ನೆನಪಿಸಿಕೊಳ್ಳದೆಯೇ ನಡೆಯುವ ಕೆಲಸ ಆಗಿರಬೇಕು.

ಸಾಮಾನ್ಯ ತಪ್ಪು: ಹಾಸಿಗೆ ಮೇಲೆ ಕೂತು ಪ್ರಾರ್ಥಿಸುವುದು. ಹಾಸಿಗೆಗೆ ಗೊತ್ತಿರುವುದು ಒಂದೇ ಕೆಲಸ.

## ಹಂತ 2: ಹನ್ನೆರಡು ನಿಮಿಷ, ಜಾಸ್ತಿ ಬೇಡ

ಮೊದಲ 40 ದಿನ 12 ನಿಮಿಷ ಸಾಕು. ಉತ್ಸಾಹ ಬಂದ ದಿನವೂ ಅಷ್ಟೇ. ಇಂದು 50 ನಿಮಿಷ ಕೂತರೆ ನಾಳೆ 12 ನಿಮಿಷ ಸೋಲಿನ ಹಾಗೆ ಕಾಣುತ್ತದೆ, ಅಲ್ವಾ?

ನಿಮಿಷಗಳನ್ನು ಹೀಗೆ ಹಂಚಿ.

ಮೊದಲ 1 ನಿಮಿಷ: ಸುಮ್ನೆ ಕೂತುಕೊಳ್ಳಿ. ಉಸಿರು ನಿಧಾನ ಆಗಲಿ. ‘ಕರ್ತನೇ, ಇಲ್ಲಿದ್ದೇನೆ’ ಎಂದು ಹೇಳಿ.

ಮುಂದಿನ 4 ನಿಮಿಷ: ಹತ್ತು ಹದಿನೈದು ವಚನದ ಒಂದು ಭಾಗ ಓದಿ. ಎರಡು ಸಲ. ಎರಡನೇ ಸಲ ತುಟಿ ಅಲ್ಲಾಡಲಿ, ಕಿವಿಗೆ ಬೀಳಲಿ. ಕಣ್ಣು ಜಿಗಿದು ಓಡಬಹುದು, ನಾಲಿಗೆ ಓಡುವುದಿಲ್ಲ.

1 ನಿಮಿಷ: ಒಂದು ಸಾಲು ಬರೆಯಿರಿ. ಪಾಠ, ನೀತಿ ಏನೂ ಬೇಡ. ಕಂಡಿದ್ದನ್ನು ಬರೆಯಿರಿ.

4 ನಿಮಿಷ: ಆ ಸಾಲಿನಿಂದಲೇ ಮಾತು ಶುರು ಮಾಡಿ. ಆಮೇಲೆ ಮನೆಯವರ ಹೆಸರು, ಇವತ್ತಿನ ಕೆಲಸ.

ಕೊನೆಯ 2 ನಿಮಿಷ: ಕರ್ತರು ಕಲಿಸಿದ ಪ್ರಾರ್ಥನೆ (‘ಪರಲೋಕದಲ್ಲಿರುವ ನಮ್ಮ ತಂದೆಯೇ’). ಚರ್ಚಿನಲ್ಲಿ ಹೇಳುವ ವೇಗದಲ್ಲಿ ಅಲ್ಲ. ಒಂದು ಮಾತು, ಒಂದು ಉಸಿರು. ಹಾಗೆ ಹೇಳಿದರೆ ಎರಡು ನಿಮಿಷ ಪೂರ್ತಿ ಬೇಕಾಗುತ್ತದೆ.

## ಹಂತ 3: ಎಲ್ಲಿಂದ ಓದಬೇಕು

ಆದಿಕಾಂಡದಿಂದ ಪ್ರಕಟನೆವರೆಗೆ ಒಂದೇ ಓಟಕ್ಕೆ ಹೊರಟವರು ಸಾಮಾನ್ಯವಾಗಿ ವಿಮೋಚನಕಾಂಡದ ಗುಡಾರದ ಅಳತೆಗಳಲ್ಲೋ ಯಾಜಕಕಾಂಡದ ಬಲಿಗಳಲ್ಲೋ ನಿಂತುಹೋಗುತ್ತಾರೆ. ಆ ಭಾಗ ಬೇಡ ಎನ್ನುತ್ತಿಲ್ಲ, ಮೊದಲ ತಿಂಗಳಿಗೆ ಬೇಡ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು. ಅದಾದ ಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ. 4 ಅಧ್ಯಾಯ, ಅಪೊಸ್ತಲ ಪೌಲ ಸೆರೆಮನೆಯಿಂದ ಬರೆದದ್ದು. ತೃಪ್ತನಾಗಿರುವುದನ್ನು ತಾನು ‘ಕಲಿತೆ’ ಎಂದು ಪೌಲ ಹೇಳುವುದು ಅದರ 4:11ರಲ್ಲಿ. ಹುಟ್ಟಿನಿಂದ ಬಂದ ಗುಣ ಎನ್ನಲಿಲ್ಲ ನೋಡಿ. ವಾರಕ್ಕೆ ಒಂದು ದಿನ ಕೀರ್ತನೆ ಇರಲಿ.

ಕಣ್ಣು ಮುಚ್ಚಿ ಬೈಬಲ್ ತೆಗೆದು ಬೆರಳಿಟ್ಟ ಕಡೆ ಓದುವುದನ್ನು ಬಿಟ್ಟುಬಿಡಿ. ವಾಗ್ದಾನದ ಡಬ್ಬಿಯಿಂದ ದಿನಕ್ಕೊಂದು ಚೀಟಿ ತೆಗೆಯುವುದು ಕೂಡ ಓದಲ್ಲ. ನಾಲ್ಕು ದಿನ ಒಳ್ಳೆಯ ಚೀಟಿ ಸಿಗದಿದ್ದರೆ ದೇವರ ಮೇಲೇ ಅನುಮಾನ ಬರುತ್ತದೆ.

## ಹಂತ 4: ಮನಸ್ಸು ಓಡಿದಾಗ ಏನು ಮಾಡಬೇಕು

ಇಲ್ಲೇ ಹೆಚ್ಚಿನವರು ಕೈ ಚೆಲ್ಲುವುದು. ಹಾಗಾಗಿ ಸ್ವಲ್ಪ ನಿಧಾನಕ್ಕೆ ಓದಿ.

ಕಣ್ಣು ಮುಚ್ಚಿದ ಕೂಡಲೇ ಗ್ಯಾಸ್ ಬುಕ್ ಮಾಡಿಲ್ಲ ಎಂದು ನೆನಪಾಗುತ್ತದೆ. ಅದನ್ನು ತಳ್ಳಿದರೆ ಇಎಂಐ. ಅದನ್ನೂ ತಳ್ಳಿದರೆ ಮೊನ್ನೆ ಯಾರೋ ಅಂದ ಒಂದು ಮಾತು. ‘ಥೂ, ಪ್ರಾರ್ಥನೆ ಮಾಡಲೂ ಬರಲ್ಲ ನನಗೆ’ ಎನ್ನುವುದು ಕೊನೆಯ ಯೋಚನೆ. ಎಲ್ಲಕ್ಕಿಂತ ಅಪಾಯದ್ದೂ ಅದೇ.

ಮಾಡಬೇಕಾದ್ದು ಮೂರು ಕೆಲಸ, ಇದೇ ಕ್ರಮದಲ್ಲಿ. ಒಂದು, ಮನಸ್ಸು ಹೋಗಿದೆ ಎಂದು ಗಮನಿಸಿ. ಎರಡು, ಎಲ್ಲಿಗೆ ಹೋಯಿತೋ ಅದನ್ನು ಒಂದೇ ಪದದಲ್ಲಿ ನೋಟ್‌ಬುಕ್ಕಿನ ಅಂಚಿನಲ್ಲಿ ಬರೆಯಿರಿ. ಮೂರು, ಓದುತ್ತಿದ್ದ ಸಾಲಿಗೇ ವಾಪಸ್ ಬನ್ನಿ. ಬೈದುಕೊಳ್ಳುವುದು ಈ ಪಟ್ಟಿಯಲ್ಲಿ ಇಲ್ಲ.

ನನ್ನ ಹಳೆಯ ನೋಟ್‌ಬುಕ್ಕಿನ ಒಂದು ಪುಟ ಹೀಗಿದೆ:

*ಮಂಗಳವಾರ. ಮಾರ್ಕ 4:35–41. ದೋಣಿಗೆ ನೀರು ನುಗ್ಗುತ್ತಿದೆ, ಯೇಸುಸ್ವಾಮಿ ದಿಂಬಿಗೆ ತಲೆಯಿಟ್ಟು ಮಲಗಿದ್ದಾರೆ. ದಿಂಬು ಯಾರು ಕೊಟ್ಟಿರಬಹುದು?*

*ಅಂಚಿನಲ್ಲಿ: ಗ್ಯಾಸ್. ಅಣ್ಣ. ಇಎಂಐ. ಅಣ್ಣ. ಗ್ಯಾಸ್. ಅಣ್ಣ. ಅಣ್ಣ.*

ಶನಿವಾರ ಆ ವಾರದ ಅಂಚುಗಳನ್ನೆಲ್ಲ ಎಣಿಸಿದೆ. ‘ಅಣ್ಣ’ 17 ಸಲ ಬಂದಿತ್ತು. ಊರಿನ ಜಾಗದ ವಿಷಯಕ್ಕೆ ನಮ್ಮಿಬ್ಬರಿಗೂ ಮಾತು ಬಿಟ್ಟು ಏಳು ತಿಂಗಳಾಗಿತ್ತು. ಪ್ರಾರ್ಥನೆಯ ಪಟ್ಟಿಯಲ್ಲಿ ಮಿಷನರಿಗಳಿದ್ದರು, ದೇಶದ ನಾಯಕರಿದ್ದರು. ಅಣ್ಣನ ಹೆಸರು ಒಂದು ಸಲವೂ ಇರಲಿಲ್ಲ. ಅಂದರೆ ನನ್ನ ಮನಸ್ಸು ದಾರಿ ತಪ್ಪಿ ಓಡುತ್ತಿರಲಿಲ್ಲ. ಹೋಗಬೇಕಾದ ಕಡೆಗೇ ಹೋಗುತ್ತಿತ್ತು, ನಾನೇ ಎಳೆದು ತರುತ್ತಿದ್ದೆ.

ಅದಕ್ಕೆ ನಾಲ್ಕನೇ ಕೆಲಸ ಒಂದಿದೆ, ಅದು ವಾರಕ್ಕೊಮ್ಮೆ. ಅಂಚಿನಲ್ಲಿ ಮೂರಕ್ಕಿಂತ ಜಾಸ್ತಿ ಸಲ ಬಂದ ಪದವನ್ನು ಮುಂದಿನ ವಾರದ ಪ್ರಾರ್ಥನೆಗೆ ಸೇರಿಸಿ. ಗ್ಯಾಸ್ ಆದರೆ ಬುಕ್ ಮಾಡಿಬಿಡಿ, ಅದಕ್ಕೆ ಪ್ರಾರ್ಥನೆ ಬೇಡ.

ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರಳುಗಾಡಿನಲ್ಲಿ ಬದುಕಿದ ಎವಾಗ್ರಿಯಸ್ ಎಂಬ ಸನ್ಯಾಸಿ ಇದನ್ನೇ ಹೇಳುತ್ತಿದ್ದರು: ಯೋಚನೆಗಳನ್ನು ಗಮನಿಸಿ, ಯಾವುದು ಯಾವಾಗ ಬರುತ್ತದೆ, ಯಾವುದರ ಹಿಂದೆ ಯಾವುದು ಬರುತ್ತದೆ ನೋಡಿ. ಮನಸ್ಸನ್ನು ಕಾಡುವ ಯೋಚನೆಗಳನ್ನು ಅವರು 8 ಬಗೆಯಾಗಿ ಹೆಸರಿಟ್ಟು ಬರೆದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಪೊಳ್ಳು ಹೆಮ್ಮೆ, ಗರ್ವ. ಹೆಸರಿಟ್ಟರೆ ಹಿಡಿತಕ್ಕೆ ಸಿಗುತ್ತದೆ. ‘ಯಾಕೋ ಮನಸ್ಸು ಸರಿ ಇಲ್ಲ’ ಎನ್ನುವುದಕ್ಕೂ ‘ನನಗೆ ತಮ್ಮನ ಹೊಸ ಕಾರು ನೋಡಿ ಹೊಟ್ಟೆಕಿಚ್ಚು’ ಎನ್ನುವುದಕ್ಕೂ ವ್ಯತ್ಯಾಸ ಇದೆಯಲ್ಲ.

## ಹಂತ 5: ಯೋಚನೆಗೆ ಎದುರುತ್ತರ ಕೊಡಿ

ಗಮನಿಸುವುದು ಅರ್ಧ ಕೆಲಸ. ಕೆಲವು ಯೋಚನೆಗಳು ಬಂದು ಹೋಗುವುದಿಲ್ಲ, ಚಕ್ಕಳಮಕ್ಕಳ ಹಾಕಿ ಕೂರುತ್ತವೆ. ಅವಕ್ಕೆ ಉತ್ತರ ಬೇಕು, ಉತ್ತರ ಮೊದಲೇ ಸಿದ್ಧ ಇರಬೇಕು.

ಮರಳುಗಾಡಿನಲ್ಲಿ ಶೋಧನೆ (ಸೈತಾನನ ಪರೀಕ್ಷೆ) ಬಂದಾಗ ಯೇಸು ಕೊಟ್ಟ ಮೂರು ಉತ್ತರ ನೋಡಿ (ಮತ್ತಾಯ 4:1–11). ಮೂರೂ ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದಿಂದ ಬಂದವು. ಹಸಿದ ಹೊತ್ತಿನಲ್ಲಿ ಸುರುಳಿ ಬಿಚ್ಚಿ ಹುಡುಕಲಿಲ್ಲ. ಬಾಯಲ್ಲೇ ಇತ್ತು. ಎವಾಗ್ರಿಯಸ್ ಕೂಡ ಆ 8 ಯೋಚನೆಗಳಿಗೆ ಎದುರುತ್ತರವಾಗಿ ಸುಮಾರು 500 ವಾಕ್ಯಗಳನ್ನು ಬೈಬಲಿನಿಂದ ಆರಿಸಿ ಜೋಡಿಸಿ ಇಟ್ಟಿದ್ದರು.

ನಮಗೆ 500 ಬೇಡ. ಆರು ಸಾಕು. ನಿಮ್ಮ ಅಂಚಿನ ಪದಗಳನ್ನು ನೋಡಿ ಆರಿಸಿಕೊಳ್ಳಿ. ನಮ್ಮ ಗುಂಪಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದವು ಇವು:

- ಭಯಕ್ಕೆ: ಯೆಶಾಯ 41:10
- ನಾಳೆಯ ಖರ್ಚಿನ ಚಿಂತೆಗೆ: ಮತ್ತಾಯ 6:34
- ಹಳೆಯ ತಪ್ಪಿನ ಕೊರಗಿಗೆ: ರೋಮಾಪುರದವರಿಗೆ 8:1
- ಸೇಡಿನ ಯೋಚನೆಗೆ: ರೋಮಾಪುರದವರಿಗೆ 12:19
- ‘ಇದರಿಂದ ಏನು ಬಂತು’ ಎನ್ನುವ ಬೇಸರಕ್ಕೆ: ಗಲಾತ್ಯದವರಿಗೆ 6:9
- ಬೇರೆಯವರ ಜೊತೆ ಹೋಲಿಕೆಗೆ: ಯೋಹಾನ 21:22

ಕೊನೆಯದು ನನ್ನ ಮೆಚ್ಚಿನದು. ಪೇತ್ರ ಇನ್ನೊಬ್ಬ ಶಿಷ್ಯನನ್ನು ತೋರಿಸಿ ‘ಇವನ ಗತಿ ಏನು’ ಅಂತ ಕೇಳುತ್ತಾನೆ. ಯೇಸು ಕೊಡುವ ಉತ್ತರದ ತಿರುಳು: ಅದು ನಿನಗೇಕೆ, ನೀನು ನನ್ನ ಹಿಂದೆ ಬಾ. ಫೇಸ್‌ಬುಕ್ ನೋಡಿ ಮುಗಿಸಿದ ಮೇಲೆ ಹೇಳಿಕೊಳ್ಳಲು ಇದಕ್ಕಿಂತ ಒಳ್ಳೆಯ ವಾಕ್ಯ ನನಗೆ ಸಿಕ್ಕಿಲ್ಲ.

ಕಂಠಪಾಠಕ್ಕೆ ವಾರಕ್ಕೆ ಒಂದೇ ವಾಕ್ಯ. ಸೋಮವಾರ ಪೂರ್ತಿ ವಾಕ್ಯವನ್ನು ಕೈಯಲ್ಲಿ ಬರೆದು ಅಡುಗೆಮನೆ ಕಪಾಟಿನ ಬಾಗಿಲ ಒಳಗಡೆ ಅಂಟಿಸಿ. ಬುಧವಾರ ಆ ಚೀಟಿ ತೆಗೆದು, ಪ್ರತಿ ಪದದ ಮೊದಲ ಅಕ್ಷರ ಮಾತ್ರ ಬರೆದ ಚೀಟಿ ಅಂಟಿಸಿ. ಶುಕ್ರವಾರ ಅದನ್ನೂ ತೆಗೆಯಿರಿ. ಭಾನುವಾರ ಆರಾಧನೆಗೋ ಪೂಜೆಗೋ ಹೋಗುವ ದಾರಿಯಲ್ಲಿ ಯಾರಿಗಾದರೂ ಒಪ್ಪಿಸಿ. ಮಕ್ಕಳಿಗೆ ಒಪ್ಪಿಸಿದರೆ ಒಂದು ಅಕ್ಷರ ತಪ್ಪಿದರೂ ಬಿಡುವುದಿಲ್ಲ.

ತಪ್ಪು ಆಗುವುದು ಎಲ್ಲಿ ಅಂದರೆ, ವಾಕ್ಯವನ್ನು ಮಂತ್ರದ ಹಾಗೆ ಬಳಸುವುದರಲ್ಲಿ. ಅದನ್ನು ಹತ್ತು ಸಲ ಹೇಳಿದರೆ ಭಯ ಮಾಯ ಆಗಲೇಬೇಕು ಎಂದೇನಿಲ್ಲ. ಭಯ ಇದ್ದ ಹಾಗೇ ಆ ದಿನದ ಕೆಲಸಕ್ಕೆ ಎದ್ದು ಹೊರಟರೆ ವಾಕ್ಯ ತನ್ನ ಕೆಲಸ ಮಾಡಿದೆ.

## ಹಂತ 6: ಮಧ್ಯಾಹ್ನದ ನಿಲುಗಡೆ, ರಾತ್ರಿಯ ಲೆಕ್ಕ

ಇದನ್ನು ಮೊದಲ ದಿನವೇ ಶುರು ಮಾಡಬೇಡಿ. ಬೆಳಗಿನ 12 ನಿಮಿಷ ಮೂರು ವಾರ ನಡೆದ ಮೇಲೆ ಸೇರಿಸಿ.

ಎವಾಗ್ರಿಯಸ್ ‘ಮಧ್ಯಾಹ್ನದ ದೆವ್ವ’ ಎಂದು ಕರೆದ ಬೇಸರ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರ ನಡುವೆ ಬರುತ್ತದಂತೆ. ಸೂರ್ಯ ನಿಂತೇಬಿಟ್ಟ ಹಾಗೆ, ದಿನಕ್ಕೆ 50 ಗಂಟೆ ಇದ್ದ ಹಾಗೆ ಅನ್ನಿಸುತ್ತದೆ. ಸನ್ಯಾಸಿ ಕಿಟಕಿ ಕಡೆ ನೋಡುತ್ತಾನೆ, ಊಟದ ಹೊತ್ತು ಆಯಿತೇ ಎಂದು ಹೊರಗೆ ಬಂದು ನೋಡುತ್ತಾನೆ, ಈ ಜಾಗವೇ ಸರಿ ಇಲ್ಲ ಎನ್ನುತ್ತಾನೆ. ಆಫೀಸಿನಲ್ಲಿ ಹನ್ನೊಂದೂವರೆಗೆ ನಾವು ಮಾಡುವುದೂ ಅದೇ, ಕಿಟಕಿ ಬದಲು ನೌಕರಿ ಹುಡುಕುವ ಸೈಟು.

ಮಧ್ಯಾಹ್ನ ಊಟದ ಡಬ್ಬಿ ತೆಗೆಯುವ ಮೊದಲು ಒಂದು ನಿಮಿಷ ನಿಲ್ಲಿ. ಕರ್ತರ ಪ್ರಾರ್ಥನೆ, ಇಲ್ಲವೇ ಆ ವಾರದ ವಾಕ್ಯ. ಕಥೋಲಿಕರಿಗೆ ಗಂಟೆ ಬಾರಿಸುವ ತ್ರಿಕಾಲ ಪ್ರಾರ್ಥನೆ ಇದ್ದೇ ಇದೆ, ಹೊಸದೇನೂ ಬೇಡ. ದಾನಿಯೇಲ ಪರದೇಶದ ಅರಮನೆಯ ನೌಕರಿಯಲ್ಲಿದ್ದೂ ದಿನಕ್ಕೆ ಮೂರು ಸಲ ಕಿಟಕಿ ಮುಂದೆ ಮೊಣಕಾಲೂರುತ್ತಿದ್ದ (ದಾನಿಯೇಲ 6:10). ಹಾಗೆ ಪ್ರಾರ್ಥಿಸಿದ್ದಕ್ಕೆ ಸಿಂಹದ ಗವಿಗೆ ಹಾಕಿದ ರಾತ್ರಿ ಆತನಿಗೆ ಧೈರ್ಯ ಎಲ್ಲಿಂದ ಬಂತು ಎಂದು ಕೇಳುವವರು ಆ ವಚನದ ಕೊನೆ ಓದಬೇಕು. ಮೊದಲಿನಿಂದ ಮಾಡುತ್ತಿದ್ದ ಹಾಗೆಯೇ ಆ ದಿನವೂ ಮಾಡಿದ ಎಂದಿದೆ.

ರಾತ್ರಿಯದು ಐದು ನಿಮಿಷ. ಜೆಸ್ವಿಟ್ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಕಲಿಸಿದ ಆತ್ಮಪರೀಕ್ಷೆಯನ್ನು ನಾವು ಸರಳ ಮಾಡಿಕೊಂಡಿದ್ದೇವೆ. ಇವತ್ತಿನ ಒಂದು ಒಳ್ಳೆಯದಕ್ಕೆ ವಂದನೆ ಹೇಳಿ. ಬೆಳಕು ಕೇಳಿ. ಬೆಳಿಗ್ಗೆಯಿಂದ ಒಂದೊಂದೇ ಗಂಟೆ ಹಿಂತಿರುಗಿ ನೋಡಿ. ಮನಸ್ಸು ಎಲ್ಲಿ ಕೈ ತಪ್ಪಿತೋ ಅದಕ್ಕೆ ಕ್ಷಮೆ ಕೇಳಿ. ನಾಳೆಯ ಒಂದೇ ಒಂದು ಸನ್ನಿವೇಶ ನೆನೆದು ಸಹಾಯ ಕೇಳಿ. ‘ಇವತ್ತು ಎಲ್ಲ ಹಾಳು’ ಅಂತ ಬರೆದರೆ ಪ್ರಯೋಜನ ಇಲ್ಲ. ‘ಸಂಜೆ 6ಕ್ಕೆ, ಹೋಂವರ್ಕ್ ವಿಷಯಕ್ಕೆ, ಮಗಳ ಮೇಲೆ ಕೂಗಾಡಿದೆ’ ಅಂತ ಬರೆದರೆ ನಾಳೆ ಸಂಜೆ ಆರಕ್ಕೆ ಎಚ್ಚರ ಇರುತ್ತದೆ.

## ಹಂತ 7: ಒಣ ದಿನಗಳ ನಿಯಮ

ಐದನೇ ಆರನೇ ವಾರದ ಹೊತ್ತಿಗೆ ಎಲ್ಲ ಸಪ್ಪೆ ಆಗುತ್ತದೆ. ವಾಕ್ಯ ಓದಿದರೆ ದಿನಸಿ ಚೀಟಿ ಓದಿದ ಹಾಗೆ. ಪ್ರಾರ್ಥನೆ ಮೇಲ್ಛಾವಣಿ ದಾಟುತ್ತಿಲ್ಲ ಎನ್ನಿಸುತ್ತದೆ. ಬಹಳ ಮಂದಿ ಇದನ್ನು ‘ದೇವರು ದೂರ ಆದರು’ ಎಂದು ಓದಿಕೊಂಡು ಬಿಟ್ಟುಬಿಡುತ್ತಾರೆ.

ಮೊದಲು ಶರೀರ ನೋಡಿ. 1 ಅರಸುಗಳು 19ರಲ್ಲಿ ಪ್ರವಾದಿ ಎಲೀಯ ಗಿಡದ ಕೆಳಗೆ ಕೂತು ಸಾವು ಬೇಡುತ್ತಾನೆ. ದೇವದೂತ ಬಂದು ಪ್ರಸಂಗ ಮಾಡಲಿಲ್ಲ. ರೊಟ್ಟಿ, ನೀರು, ನಿದ್ದೆ. ಮತ್ತೆ ರೊಟ್ಟಿ, ನೀರು. ದೇವರ ಮಾತು ಬಂದದ್ದು ಅದಾದ ಮೇಲೆ, 40 ದಿನ ನಡೆದು ಹೋರೇಬ್ ಬೆಟ್ಟ ತಲುಪಿದಾಗ. ನಾಲ್ಕು ರಾತ್ರಿ ಸರಿಯಾಗಿ ನಿದ್ದೆ ಇಲ್ಲದವರು ತಮ್ಮ ವಿಶ್ವಾಸದ ಬಗ್ಗೆ ತೀರ್ಪು ಕೊಡಬಾರದು.

ಶರೀರ ಸರಿ ಇದ್ದೂ ಸಪ್ಪೆ ಇದ್ದರೆ, ಇಗ್ನೇಷಿಯಸ್ ಅವರ ಎರಡು ನಿಯಮ ಹಿಡಿಯಿರಿ. ಒಂದು, ಇಂಥ ಹೊತ್ತಿನಲ್ಲಿ ಮೊದಲಿನ ತೀರ್ಮಾನ ಬದಲಿಸಬೇಡಿ. ಸಭೆ ಬಿಡುವುದು, ಸೇವೆ ಬಿಡುವುದು, ಪ್ರಾರ್ಥನೆಯ ಹೊತ್ತು ಬದಲಿಸುವುದು, ಯಾವುದೂ ಈಗ ಬೇಡ. ಎರಡು, ಎದ್ದು ಹೋಗೋಣ ಅನ್ನಿಸಿದಾಗ ಇನ್ನೊಂದು ಸ್ವಲ್ಪ ಹೊತ್ತು ಜಾಸ್ತಿ ಕೂರಿ. 12 ನಿಮಿಷ ಇದ್ದರೆ 13. ಹಂತ 2ರ ನಿಯಮಕ್ಕೆ ಇದೊಂದೇ ರಿಯಾಯಿತಿ, ಗಮನಿಸಿ: ಉತ್ಸಾಹ ಇದ್ದಾಗ ಜಾಸ್ತಿ ಇಲ್ಲ, ಬೇಸರ ಇದ್ದಾಗ ಒಂದು ನಿಮಿಷ ಜಾಸ್ತಿ. ಈ ಒಂದು ನಿಮಿಷದ ಬಗ್ಗೆ ನಾನು ಮೊದಲು ನಕ್ಕಿದ್ದೆ. ಮಾಡಿ ನೋಡಿದ ಮೇಲೆ ಗೊತ್ತಾಯಿತು, ಯಜಮಾನಿಕೆ ಬೇಸರದ್ದಲ್ಲ ಎಂದು ಮನಸ್ಸಿಗೆ ತಿಳಿಯಲು ಅಷ್ಟು ಸಾಕು.

ಏನು ಪ್ರಾರ್ಥಿಸುವುದು ತೋಚದಿದ್ದರೆ 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ‘ಇನ್ನೆಷ್ಟರವರೆಗೆ’ ಎಂಬ ದೂರಿನಿಂದ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಆ ಹಾಡೂ ಬಾಯಿಗೆ ಬಾರದ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಇಲ್ಲ. ಹಾಗಿದ್ದೂ ಅದು ಪ್ರಾರ್ಥನೆಯೇ. ಕತ್ತಲೆಯಲ್ಲಿ ಇರುವವನು ಯಾರ ಕಡೆ ತಿರುಗಿ ದೂರುತ್ತಿದ್ದಾನೆ, ಅದು ಮುಖ್ಯ.

## ಹಂತ 8: ತಪ್ಪಿದ ಮೇಲೆ ವಾಪಸ್ ಬರುವುದು

ತಪ್ಪುತ್ತದೆ. ಜ್ವರ ಬರುತ್ತದೆ, ಊರಹಬ್ಬ ಬರುತ್ತದೆ, ಸುಮ್ನೆ ಸೋಮಾರಿತನವೂ ಬರುತ್ತದೆ. ನಾಲ್ಕು ದಿನ ಬಿಟ್ಟವರು ನಲವತ್ತು ದಿನ ಬಿಡುವುದು ನಾಚಿಕೆಯಿಂದ.

ಬಾಕಿ ತೀರಿಸಲು ಹೋಗಬೇಡಿ. ತಪ್ಪಿದ ನಾಲ್ಕು ದಿನದ ಓದು ತಪ್ಪಿತು, ಅಷ್ಟೇ. ನೋಟ್‌ಬುಕ್ಕಿನಲ್ಲಿ ಇವತ್ತಿನ ದಿನಾಂಕ ಹಾಕಿ. ಕಾರಣ ಬರೆಯಬೇಡಿ, ನೆಪ ಬೆಳೆಯುತ್ತದೆ. ಮೊದಲ ದಿನ ಎರಡೇ ನಿಮಿಷ: ‘ಕರ್ತನೇ, ಇಲ್ಲಿದ್ದೇನೆ’, ಕರ್ತರ ಪ್ರಾರ್ಥನೆ. ಮರುದಿನದಿಂದ ಮತ್ತೆ ಹನ್ನೆರಡು.

ಮೂರು ಸಲ ‘ಆತನನ್ನು ಅರಿಯೆ’ ಎಂದ ಪೇತ್ರನನ್ನು ಯೇಸು ಮತ್ತೆ ಕೆಲಸಕ್ಕೆ ಕರೆದದ್ದು ಕೆರೆ ದಡದಲ್ಲಿ, ಕೆಂಡದ ಮೇಲೆ ಮೀನು ಸುಡುತ್ತ (ಯೋಹಾನ 21). ಮೊದಲು ‘ಬನ್ನಿ, ಊಟ ಮಾಡಿ’ ಎನ್ನುವ ಮಾತು. ‘ನನ್ನನ್ನು ಪ್ರೀತಿಸುತ್ತೀಯಾ’ ಎಂಬ ಪ್ರಶ್ನೆ ಆಮೇಲೆ.

## ಹಂತ 9: ಒಬ್ಬರಿಗೆ ಹೇಳಿ

ಗುಂಪಿಗೆಲ್ಲ ಹೇಳುವುದು ಬೇಡ, ಸ್ಟೇಟಸ್ ಹಾಕುವುದಂತೂ ಬೇಡವೇ ಬೇಡ. ಒಬ್ಬರು ಸಾಕು. ಶನಿವಾರಕ್ಕೊಮ್ಮೆ ಫೋನ್ ಮಾಡಿ ‘ಎಷ್ಟು ದಿನ ಆಯಿತು? ಅಂಚಿನಲ್ಲಿ ಏನಿತ್ತು?’ ಎಂದು ಕೇಳುವವರು. ಬುದ್ಧಿ ಹೇಳುವವರನ್ನು ಬಿಟ್ಟು, ಕೇಳಿಸಿಕೊಳ್ಳುವವರನ್ನು ಆರಿಸಿ. ಗಂಡ ಹೆಂಡತಿ ಒಬ್ಬರಿಗೊಬ್ಬರು ಈ ಕೆಲಸ ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ಮೂರನೇ ವಾರಕ್ಕೆ ಅದು ಜಗಳದಲ್ಲಿ ಬಳಸುವ ಆಯುಧ ಆಗುತ್ತದೆ.

## ಎಚ್ಚರಿಕೆಯ ಗುರುತುಗಳು

ಶಿಸ್ತು ಕೆಟ್ಟ ದಾರಿ ಹಿಡಿದಾಗಲೂ ಹೊರಗಿನಿಂದ ಶಿಸ್ತಿನ ಹಾಗೇ ಕಾಣುತ್ತದೆ. ಹಾಗಾಗಿ ಇವುಗಳನ್ನು ನೋಡಿಕೊಳ್ಳುತ್ತಿರಿ.

ಬೇರೆಯವರನ್ನು ಅಳೆಯಲು ಶುರು ಮಾಡಿದ್ದೀರಿ. ತಡವಾಗಿ ಏಳುವ ಸೊಸೆಯೋ ಮಗನೋ ಕಣ್ಣಿಗೆ ಚುಚ್ಚುತ್ತಿದ್ದರೆ, ಲೂಕ 18ರಲ್ಲಿ ‘ನಾನು ಬೇರೆಯವರ ಹಾಗಲ್ಲ’ ಎಂದ ಫರಿಸಾಯನ ಪ್ರಾರ್ಥನೆ ಒಂದು ಸಲ ಓದಿ. ಆತ ಕೂಡ ವಾರಕ್ಕೆ ಎರಡು ಸಲ ಉಪವಾಸ ಮಾಡುತ್ತಿದ್ದ.

ತಪ್ಪಿದರೆ ಏನೋ ಕೆಟ್ಟದ್ದು ಆಗುತ್ತದೆ ಎಂಬ ಭಯ. ಸರಿಯಾಗಿ ಹೇಳಲಿಲ್ಲ ಎಂದು ಅದೇ ಪ್ರಾರ್ಥನೆಯನ್ನು ಮತ್ತೆ ಮತ್ತೆ ಹೇಳುವುದು, ಕ್ಷಮೆ ಕೇಳಿದ್ದಕ್ಕೇ ಪುನಃ ಪುನಃ ಕ್ಷಮೆ ಕೇಳುವುದು. ಇದು ಭಕ್ತಿ ಜಾಸ್ತಿ ಆದ ಲಕ್ಷಣ ಅಲ್ಲ. ಪಾಸ್ಟರ್ ಅಥವಾ ಫಾದರ್ ಹತ್ತಿರ ಮಾತಾಡಿ, ಕಡಿಮೆ ಆಗದಿದ್ದರೆ ವೈದ್ಯರ ಹತ್ತಿರವೂ ಹೋಗಿ.

ಎರಡು ವಾರ ಕಳೆದರೂ ಯಾವುದರಲ್ಲೂ ಆಸಕ್ತಿ ಇಲ್ಲ. ನಿದ್ದೆ, ಊಟ ಕೆಟ್ಟಿದೆ, ಬದುಕು ಸಾಕು ಅನ್ನಿಸುತ್ತಿದೆ ಅಂದರೆ ಅದು ಹಂತ 7ರ ಸಪ್ಪೆತನ ಅಲ್ಲ, ಖಿನ್ನತೆ ಇರಬಹುದು. ಒಂದು ನಿಮಿಷ ಜಾಸ್ತಿ ಕೂತರೆ ಅದು ಹೋಗುವುದಿಲ್ಲ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಇಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆ ತೆಗೆದುಕೊಳ್ಳುವುದು ಅವಿಶ್ವಾಸ ಎಂದು ಯಾರಾದರೂ ಹೇಳಿದರೆ, ಅವರು ಕನ್ನಡಕ ಹಾಕಿಕೊಂಡಿದ್ದಾರೆಯೇ ನೋಡಿ.

ಸೈರಣೆಯ ಹೆಸರಿನಲ್ಲಿ ಹೊಡೆತ ತಿನ್ನುತ್ತಿದ್ದೀರಿ. ಮನೆಯಲ್ಲಿ ಹಿಂಸೆ ಇದ್ದರೆ ‘ತಾಳಿಕೋ, ಪ್ರಾರ್ಥನೆ ಮಾಡು’ ಎನ್ನುವ ಸಲಹೆಯನ್ನು ಕೇಳಬೇಡಿ. ನಜರೇತಿನವರು ಬೆಟ್ಟದಿಂದ ತಳ್ಳಲು ಬಂದಾಗ ಯೇಸು ಅಲ್ಲಿ ನಿಲ್ಲಲಿಲ್ಲ, ಅವರ ನಡುವೆಯೇ ಹಾದು ಹೊರಟುಹೋದರು (ಲೂಕ 4:29–30). ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ.

## 40 ದಿನ ಆದ ಮೇಲೆ

ಇಲ್ಲಿಗೆ ಬಂದವರು ಕೇಳುವುದು, ‘ಈಗ ಸಮಯ ಹೆಚ್ಚಿಸಲಾ?’ ಮಧ್ಯಾಹ್ನದ ನಿಲುಗಡೆ, ರಾತ್ರಿಯ ಲೆಕ್ಕ ಎರಡೂ ಗಟ್ಟಿಯಾಗಿ ನೆಲೆಯೂರಿದ್ದರೆ ಹೆಚ್ಚಿಸಿ, ಒಂದು ಸಲಕ್ಕೆ ಮೂರು ನಿಮಿಷದಂತೆ. ಅವು ಇನ್ನೂ ಅಲ್ಲಾಡುತ್ತಿದ್ದರೆ ಬೆಳಗಿನದು ಹನ್ನೆರಡೇ ಇರಲಿ. ನೋಟ್‌ಬುಕ್ ತುಂಬಿದ್ದರೆ ಎಸೆಯಬೇಡಿ. ಮುಂದಿನ ವರ್ಷದ ಒಣ ದಿನಕ್ಕೆ ಬೇಕಾಗುತ್ತದೆ.

ನನ್ನ ಹನ್ನೆರಡು ನಿಮಿಷ ಇಪ್ಪತ್ತು ಆಗಿದ್ದು ಭಕ್ತಿ ಹೆಚ್ಚಿ ಅಲ್ಲ. ಒಂದು ಬೇಸಿಗೆಯಲ್ಲಿ ಅಣ್ಣ, ಅತ್ತಿಗೆ, ಮಕ್ಕಳು ಮನೆಗೆ ಬಂದರು. ಅಟ್ಟದ ಮೇಲಿದ್ದ ದೊಡ್ಡ ಫಿಲ್ಟರ್ ಇಳಿಸಿದೆವು, ಡಿಕಾಕ್ಷನ್ ಇಳಿಯಲು ಇಪ್ಪತ್ತು ನಿಮಿಷ ಹಿಡಿಯಿತು. ಅವರು ಊರಿಗೆ ಹೋದ ಮೇಲೂ ಅದನ್ನು ಅಟ್ಟಕ್ಕೆ ಏರಿಸಿಲ್ಲ.